ಓಮಕಾಳು, ಕೊಕ್ಕೆಹುಳು ಮತ್ತು ಏಂಜೆಲ್ ಐಲ್ಯಾಂಡ್

ಏಂಜೆಲ್ ಐಲ್ಯಾಂಡಿಗೆ ನೀವು ಹೋಗಿರಬಹುದು. ಊರಿನಿಂದ ಅಪ್ಪ ಅಮ್ಮ ಬಂದಾಗ ಗೋಲ್ಡನ್ ಗೇಟ್ ಸೇತುವೆ, ಲೊಂಬಾರ್ಡ್ ಬೀದಿ, ಲಿವರ್‌ಮೋರ್ ದೇವಸ್ಥಾನ ಎಲ್ಲ ತೋರಿಸಿ ಮುಗಿದ ಮೇಲೆ, ಇನ್ನೂ ಒಂದು ಶನಿವಾರ ಉಳಿದಿದ್ದರೆ, ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಟಿಬುರಾನಿನಲ್ಲಿ ದೋಣಿ ಹತ್ತುವುದು ನಮ್ಮಲ್ಲಿ ಅನೇಕರ ವಾಡಿಕೆ. ದ್ವೀಪದ ಈಶಾನ್ಯ ದಡದಲ್ಲಿ ಚೈನಾ ಕೋವ್ ಎಂಬ ಪುಟ್ಟ ಕೊಲ್ಲಿ ಇದೆ. ಅಲ್ಲಿ 1910ರ ಜನವರಿಯಿಂದ 1940ರವರೆಗೆ ವಲಸಿಗರನ್ನು ತಡೆದಿಟ್ಟು ವಿಚಾರಿಸುವ ಠಾಣೆ ಇತ್ತು. ಮರದ ಗೋಡೆಗಳಲ್ಲಿ ಚೀನೀಯರು ಕೆತ್ತಿಟ್ಟ ಕವಿತೆಗಳನ್ನು ನೋಡಲು ಜನ ಬರುತ್ತಾರೆ. 1970ರಲ್ಲಿ ಅಲೆಕ್ಸಾಂಡರ್ ವೈಸ್ ಎಂಬ ಉದ್ಯಾನದ ಕಾವಲುಗಾರ ಟಾರ್ಚ್ ಬೆಳಕಿನಲ್ಲಿ ಆ ಅಕ್ಷರಗಳನ್ನು ಕಂಡು ದೊಡ್ಡವರಿಗೆ ಹೇಳಿರದಿದ್ದರೆ ಕಟ್ಟಡವನ್ನೇ ಕೆಡವಿಬಿಡುತ್ತಿದ್ದರು.

ಕವಿತೆ ನೋಡಿ ಹಿಂದಿರುಗುವವರೇ ಹೆಚ್ಚು. ಪಕ್ಕದಲ್ಲಿ ಒಂದು ಆಸ್ಪತ್ರೆ ಇದೆ. ಬಹಳ ವರ್ಷ ಪಾಳು ಬಿದ್ದಿದ್ದನ್ನು ದುರಸ್ತಿ ಮಾಡಿ 2022ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಿದ್ದಾರೆ. ನಾನು ಇವತ್ತು ಹೇಳಹೊರಟಿರುವುದು ಆ ಆಸ್ಪತ್ರೆಯ ವಿಷಯ. ಊಟದ ತಟ್ಟೆ ಮುಂದಿಟ್ಟುಕೊಂಡು ಇದನ್ನು ಓದುತ್ತಿದ್ದರೆ ದಯವಿಟ್ಟು ಊಟ ಮುಗಿಸಿಕೊಂಡು ಬನ್ನಿ. ಮಾತು ಹೊಟ್ಟೆಹುಳುವಿನದು, ಮಲಪರೀಕ್ಷೆಯದು.

ಮೊದಲು ಹುಳುವಿನ ಪರಿಚಯ ಆಗಲಿ. ಜಂತುಹುಳು ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಮೂರು ಮುಖ್ಯ: ದುಂಡುಹುಳು, ಚಾಟಿಹುಳು, ಕೊಕ್ಕೆಹುಳು. ದುಂಡುಹುಳು ಕಣ್ಣಿಗೆ ಬೀಳುವಷ್ಟು ಉದ್ದ, ಹಾಗಾಗಿ ಅಜ್ಜಿಯರಿಗೆ ಅದರದೇ ಭಯ. ನಿಜಕ್ಕೂ ರಕ್ತ ಹೀರುವ ಕಳ್ಳ ಕೊಕ್ಕೆಹುಳು. ಉದ್ದ ಒಂದು ಸೆಂಟಿಮೀಟರ್ ಆಸುಪಾಸು, ದಪ್ಪ ಹೊಲಿಗೆ ದಾರದಷ್ಟು. ಬಯಲಿನಲ್ಲಿ ಬಿದ್ದ ಮಲದಲ್ಲಿರುವ ಮೊಟ್ಟೆ, ನೆರಳು ಮತ್ತು ತೇವ ಇರುವ ಮಣ್ಣಿನಲ್ಲಿ ಒಡೆದು ಮರಿಯಾಗುತ್ತದೆ. ಒಂದು ವಾರ ಹತ್ತು ದಿನದಲ್ಲಿ ಆ ಮರಿ ಬರಿಗಾಲಿಗಾಗಿ ಕಾಯುತ್ತಾ ನಿಲ್ಲುತ್ತದೆ. ಕಾಲ್ಬೆರಳ ಸಂದಿಯ ಮೆತ್ತನೆಯ ಚರ್ಮ ಕೊರೆದು ಒಳಗೆ ಹೋಗಿ, ರಕ್ತದಲ್ಲಿ ತೇಲಿ ಶ್ವಾಸಕೋಶ ಸೇರಿ, ಅಲ್ಲಿಂದ ಗಂಟಲಿಗೆ ಹತ್ತಿ, ನುಂಗಿದ ಉಗುಳಿನ ಜೊತೆ ಕರುಳಿಗೆ ಇಳಿಯುತ್ತದೆ. ಅಲ್ಲಿ ಗೋಡೆ ಕಚ್ಚಿ ಕೂತರೆ ವರ್ಷಗಟ್ಟಲೆ ಬಾಡಿಗೆ ಇಲ್ಲದ ವಾಸ.

ಅಮೆರಿಕದ ಜಾತಿಯ ಒಂದು ಹುಳು ದಿನಕ್ಕೆ ಹೀರುವುದು 0.03 ಮಿಲಿಲೀಟರ್ ರಕ್ತ. ಇಷ್ಟೇನಾ ಅನ್ನಿಸಬಹುದು. ಮಗುವಿನ ಹೊಟ್ಟೆಯಲ್ಲಿ ನೂರು ಹುಳು ಇದ್ದರೆ ದಿನಕ್ಕೆ 3 ಮಿಲಿಲೀಟರ್. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. ಕರುಳು ಅದರಲ್ಲಿ ಸ್ವಲ್ಪವನ್ನು ಮತ್ತೆ ಹೀರಿಕೊಳ್ಳುತ್ತದೆ ಎಂದೇ ಇಟ್ಟುಕೊಳ್ಳಿ. ಆದರೂ ಶಾಲೆಗೆ ಹೋಗುವ ಮಗು ತಿಂದ ಅನ್ನ ಸಾರಿನಿಂದ ದಿನವಿಡೀ ದಕ್ಕಿಸಿಕೊಳ್ಳುವ ಕಬ್ಬಿಣ ಸುಮಾರು ಒಂದು ಮಿಲಿಗ್ರಾಂ ಮಾತ್ರ. ಬಂದದ್ದೆಲ್ಲ ಹುಳುವಿನ ಲೆಕ್ಕಕ್ಕೆ ಹೋಯಿತು. ಇನ್ನೊಂದು ಜಾತಿಯ ಹುಳು ಇದರ ಐದು ಪಟ್ಟು ಹೀರುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು, ಪಾಠದಲ್ಲಿ ತೂಕಡಿಕೆ. ಮಣ್ಣು, ಬಳಪ, ಗೋಡೆಯ ಸುಣ್ಣ ತಿನ್ನುವ ಚಟ ಹತ್ತುತ್ತದೆ. ನಮ್ಮ ಕಾಲದ ತರಗತಿಯಲ್ಲಿ ಬಳಪ ತಿನ್ನುವ ಹುಡುಗಿ ಒಬ್ಬಳಾದರೂ ಇರುತ್ತಿದ್ದಳು, ನೆನಪಿಸಿಕೊಳ್ಳಿ. ಅವಳಿಗೆ ಬೀಳುತ್ತಿದ್ದದ್ದು ಏಟು. ಅವಳ ರಕ್ತ ಪರೀಕ್ಷೆ ಮಾಡಿಸಬೇಕೆಂದು ಯಾರಿಗೂ ತೋಚಲಿಲ್ಲ.

ಈ ಹುಳುವನ್ನು ಮೊದಲು ಗುರುತಿಸಿದವನು ಇಟಲಿಯ ಆಂಜೆಲೊ ದುಬಿನಿ. 1838ರಲ್ಲಿ ಮಿಲಾನಿನಲ್ಲಿ ಒಬ್ಬ ರೈತ ಹೆಂಗಸಿನ ಶವಪರೀಕ್ಷೆ ಮಾಡುವಾಗ ಕಂಡ. ಅದು ಕಾಯಿಲೆ ತರುತ್ತದೆ ಎಂದು ಜನ ಒಪ್ಪಲು ನಲವತ್ತು ವರ್ಷ ಬೇಕಾಯಿತು. 1880ರ ಸುಮಾರಿಗೆ ಆಲ್ಪ್ಸ್ ಬೆಟ್ಟದ ಗೊಥಾರ್ಡ್ ಸುರಂಗ ಕೊರೆಯುತ್ತಿದ್ದ ಕೂಲಿಗಳು ಗುಂಪುಗುಂಪಾಗಿ ರಕ್ತಹೀನತೆಯಿಂದ ಬಿದ್ದಾಗ. ಚರ್ಮದ ಮೂಲಕ ಒಳ ಹೋಗುತ್ತದೆ ಎಂಬುದು ತಿಳಿದದ್ದಂತೂ ಆಕಸ್ಮಿಕ. ಕೈರೋದಲ್ಲಿ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿ ಪ್ರಯೋಗ ಮಾಡುತ್ತಿದ್ದಾಗ ಮರಿಗಳಿದ್ದ ನೀರು ಕೈಮೇಲೆ ಚೆಲ್ಲಿತು. ನವೆಯಾಯಿತು, ಕೆಂಪಾಯಿತು. ಕೆಲವು ವಾರಗಳ ಮೇಲೆ ಅವನ ಮಲದಲ್ಲೇ ಮೊಟ್ಟೆ ಕಂಡವು. 1898ರಲ್ಲಿ ಅವನು ಅದನ್ನು ಪ್ರಕಟಿಸಿದಾಗ ನಂಬಿದವರು ಕಡಿಮೆ.

ಇನ್ನು ಅಮೆರಿಕಕ್ಕೆ ಬರೋಣ. ಇಲ್ಲಿನ ದಕ್ಷಿಣ ರಾಜ್ಯಗಳ ಹಳ್ಳಿಗಳಲ್ಲಿ ಈ ಹುಳು ತಲೆಮಾರುಗಳಿಂದ ಇತ್ತು. ಗುಲಾಮರನ್ನು ತುಂಬಿ ತಂದ ಹಡಗುಗಳ ಜೊತೆ ಆಫ್ರಿಕದಿಂದ ಬಂದಿರಬೇಕೆಂದು ಇತಿಹಾಸಕಾರರ ಮತ. ಹತ್ತಿ ಬೆಳೆಯುವ ಆ ಊರುಗಳ ಬಡ ಬಿಳಿಯರನ್ನು ಉತ್ತರದ ಪಟ್ಟಣದವರು ಸೋಮಾರಿಗಳು, ಮಣ್ಣು ತಿನ್ನುವವರು ಎಂದು ಹಾಸ್ಯ ಮಾಡುತ್ತಿದ್ದರು. 1902ರಲ್ಲಿ ಚಾರ್ಲ್ಸ್ ವಾರ್ಡೆಲ್ ಸ್ಟೈಲ್ಸ್ ಎಂಬ ಪ್ರಾಣಿವಿಜ್ಞಾನಿ ಇದು ಸ್ವಭಾವವಲ್ಲ, ಹುಳು ಎಂದ. ಪತ್ರಿಕೆಗಳಿಗೆ ಹಬ್ಬವೇ ಆಯಿತು. 'ಸೋಮಾರಿತನದ ಕ್ರಿಮಿ' ಸಿಕ್ಕಿತಂತೆ ಎಂದು ನಕ್ಕವು. ಅವನು ಹೆಸರಿಸಿದ ಆ ಜಾತಿಗೆ ಲ್ಯಾಟಿನ್‌ನಲ್ಲಿ 'ಅಮೆರಿಕದ ಕೊಲೆಗಾರ' ಎಂಬ ಅರ್ಥ.

1909ರ ಅಕ್ಟೋಬರ್ ತಿಂಗಳಲ್ಲಿ ಎಣ್ಣೆ ದೊರೆ ಜಾನ್ ಡಿ. ರಾಕ್‌ಫೆಲ್ಲರ್ ಈ ಹುಳುವಿನ ನಿವಾರಣೆಗೆ ಹತ್ತು ಲಕ್ಷ ಡಾಲರ್ ಕೊಟ್ಟ. ವಿಕ್ಲಿಫ್ ರೋಸ್ ಎಂಬ ಶಿಕ್ಷಣತಜ್ಞನ ಮುಂದಾಳತ್ವದಲ್ಲಿ ಹನ್ನೊಂದು ರಾಜ್ಯಗಳಲ್ಲಿ ಕೆಲಸ ಶುರುವಾಯಿತು. ಪರೀಕ್ಷಿಸಿದ ಶಾಲಾ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿಯ ಹೊಟ್ಟೆಯಲ್ಲಿ ಹುಳು. ಜಾತ್ರೆಯ ಹಾಗೆ ಡೇರೆ ಹಾಕಿ, ಸೂಕ್ಷ್ಮದರ್ಶಕ ಇಟ್ಟು, ನಿಮ್ಮ ಹುಳುವನ್ನು ನೀವೇ ನೋಡಿ ಎಂದು ಸಾಲಾಗಿ ತೋರಿಸುತ್ತಿದ್ದರು. ಊಟದ ಬುತ್ತಿ ಕಟ್ಟಿಕೊಂಡು ಗಾಡಿ ಕಟ್ಟಿಸಿ ಜನ ಬಂದರು. 1914ರ ಹೊತ್ತಿಗೆ ಹೆಚ್ಚುಕಡಿಮೆ 7 ಲಕ್ಷ ಜನರಿಗೆ ಔಷಧಿ ಕೊಟ್ಟಿದ್ದರು. ಬಹಳ ವರ್ಷಗಳ ಮೇಲೆ, 2007ರಲ್ಲಿ, ಹೊಯ್ಟ್ ಬ್ಲೀಕ್ಲಿ ಎಂಬ ಅರ್ಥಶಾಸ್ತ್ರಜ್ಞ ಹಳೆಯ ಜನಗಣತಿ ತೆಗೆದು ನೋಡಿ, ಹುಳು ಹೆಚ್ಚಿದ್ದ ಊರುಗಳಲ್ಲೇ ಈ ಕೆಲಸದ ನಂತರ ಮಕ್ಕಳ ಶಾಲಾ ಹಾಜರಿಯೂ ಓದುಬರಹವೂ ಹೆಚ್ಚು ಏರಿತು, ದೊಡ್ಡವರಾದ ಮೇಲೆ ಆ ಮಕ್ಕಳ ಸಂಪಾದನೆಯೂ ಹೆಚ್ಚಿತು ಎಂದು ತೋರಿಸಿದ.

ಈಗ ತಾರೀಖು ಗಮನಿಸಿ. 1909ರ ಕೊನೆಯಲ್ಲಿ ಮಿಸಿಸಿಪಿಯ ಮಗುವಿನ ಹೊಟ್ಟೆಯ ಹುಳುವಿಗೆ ಹತ್ತು ಲಕ್ಷ ಡಾಲರ್. 1910ರಲ್ಲಿ, ಅದೇ ದೇಶದ ಪಶ್ಚಿಮ ದಡದಲ್ಲಿ, ಅದೇ ಹುಳು ಹೊಟ್ಟೆಯಲ್ಲಿದ್ದರೆ ವಾಪಸ್ಸು ಹಡಗು ಹತ್ತು.

1891ರ ಕಾನೂನಿನಲ್ಲಿ 'ಹೇಸಿಗೆಯ ಅಥವಾ ಅಪಾಯಕಾರಿ ಸೋಂಕುರೋಗ' ಇರುವವರನ್ನು ದೇಶದೊಳಗೆ ಬಿಡಬಾರದೆಂದು ಇತ್ತು. ಕೊಕ್ಕೆಹುಳುವನ್ನು 1910ರಲ್ಲಿ ಆ ಪಟ್ಟಿಗೆ ಸೇರಿಸಿದರು. ಸ್ಯಾನ್ ಫ್ರಾನ್ಸಿಸ್ಕೋದ ಆಗಿನ ಗಾಳಿ ಹೇಗಿತ್ತೆಂದು ಒಂದೆರಡು ಮಾತಿನಲ್ಲಿ ಹೇಳುತ್ತೇನೆ. 1900ರಲ್ಲಿ ಪ್ಲೇಗ್ ಬಂದಾಗ ಚೈನಾಟೌನಿನ ಸುತ್ತ ಹಗ್ಗ ಕಟ್ಟಿ ಬಂದ್ ಮಾಡಿದ್ದರು. 1905ರಲ್ಲಿ ಜಪಾನೀಯರನ್ನು ಹೊರಗಿಡಲೆಂದೇ ಹುಟ್ಟಿದ ಸಂಘ ಆಮೇಲೆ 'ಏಷ್ಯಾಟಿಕ್ ಎಕ್ಸ್‌ಕ್ಲೂಷನ್ ಲೀಗ್' ಎಂದು ಹೆಸರು ಹಿಗ್ಗಿಸಿಕೊಂಡಿತು, ನಮ್ಮವರನ್ನೂ ಸೇರಿಸಿಕೊಳ್ಳಲು. 1906ರಲ್ಲಿ ಊರಿನ ಶಾಲಾ ಮಂಡಳಿ ಜಪಾನೀ ಮಕ್ಕಳನ್ನು ಬೇರೆ ಶಾಲೆಗೆ ಕಳಿಸಲು ಹೊರಟು, ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ತನಕ ಜಗಳ ಹೋಗಿತ್ತು. ಪಂಜಾಬಿನಿಂದ, ಹಾಂಗ್‌ಕಾಂಗಿನ ಪೊಲೀಸ್ ಕೆಲಸದಿಂದ ಬರುತ್ತಿದ್ದ ಸಿಖ್ಖರನ್ನೂ ಮುಸಲ್ಮಾನರನ್ನೂ ಇಲ್ಲಿಯವರು ಒಟ್ಟಾಗಿ 'ಹಿಂದೂ' ಎನ್ನುತ್ತಿದ್ದರು. ಕನ್ನಡಿಗರು ಆ ಸಾಲಿನಲ್ಲಿ ಇದ್ದರೋ ಎಂದು ಕೇಳಬೇಡಿ. ಆ ಹಡಗಿನಲ್ಲಿ ಬಂದಿದ್ದರೆ ನಮಗೂ ಅದೇ ಹೆಸರು, ಅದೇ ಬೋಗುಣಿ.

ಹೌದು, ಬೋಗುಣಿ. ಮೇಲ್ದರ್ಜೆಯ ಪ್ರಯಾಣಿಕರನ್ನು ಹಡಗಿನಲ್ಲೇ ಒಂದು ನೋಟ ನೋಡಿ ಊರಿಗೆ ಬಿಡುತ್ತಿದ್ದರು. ಕೆಳದರ್ಜೆಯ ಏಷ್ಯಾದವರನ್ನು ದ್ವೀಪಕ್ಕೆ ತಂದು, ಬಟ್ಟೆ ಬಿಚ್ಚಿಸಿ ನೋಡಿ, ಕೈಗೆ ಒಂದು ಬೋಗುಣಿ ಕೊಟ್ಟು, ಇದರಲ್ಲಿ ಮಲ ಕೊಡು ಎನ್ನುತ್ತಿದ್ದರು. ಡಾಕ್ಟರ ಮುಂದೆ ಎಂದೂ ಬಟ್ಟೆ ಬಿಚ್ಚದ ಹೆಂಗಸರಿಗೆ, ಅಪ್ಪನ ಹುಡುಕಿ ಒಂಟಿಯಾಗಿ ಬಂದ ಹತ್ತು ಹನ್ನೆರಡರ ಹುಡುಗರಿಗೆ ಅದೆಷ್ಟು ಅವಮಾನವೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಗೋಡೆಯ ಕವಿತೆಗಳ ಕಾಲದವೇ ಆದ ಪದ್ಯಗಳಲ್ಲಿ ಈ ಹುಳುಪರೀಕ್ಷೆಯನ್ನು ನೆನೆದು ಅತ್ತದ್ದೂ ಇದೆ. ಯುರೋಪಿನಿಂದ ಬಂದವರನ್ನು ವಾಡಿಕೆಯಂತೆ ಈ ಪರೀಕ್ಷೆಗೆ ಒಳಪಡಿಸುತ್ತಿರಲಿಲ್ಲ. ಆಸ್ಪತ್ರೆಯ ಒಳಗೂ ಅವರ ವಾರ್ಡೇ ಬೇರೆ, ಏಷ್ಯಾದವರದೇ ಬೇರೆ.

ದ್ವೀಪದ ವೈದ್ಯ ಡಾ. ಎಂ. ಡಬ್ಲ್ಯೂ. ಗ್ಲೋವರ್ ಸೂಕ್ಷ್ಮದರ್ಶಕದಲ್ಲಿ ನೋಡಿದ ಭಾರತೀಯರಲ್ಲಿ ದೊಡ್ಡ ಪಾಲಿಗೆ ಹುಳು ಇತ್ತು. ಅದರಲ್ಲಿ ಸುಳ್ಳಿಲ್ಲ. ಬರಿಗಾಲಲ್ಲಿ ಹೊಲ ಉತ್ತ ಜನ, ಹುಳು ಇರಲೇಬೇಕು. ಗ್ಲೋವರ್ ಸುಳ್ಳು ಬರೆದ ಎಂದು ನಾನು ಹೇಳುವುದಿಲ್ಲ. ಆದರೆ ಯಾರ ಹೊಟ್ಟೆಯನ್ನು ಹುಡುಕಬೇಕೆಂದು ಮೊದಲೇ ತೀರ್ಮಾನಿಸಿ ಹುಡುಕಿದರೆ ಸಿಕ್ಕುವ ಉತ್ತರವೂ ಮೊದಲೇ ತೀರ್ಮಾನವಾದದ್ದೇ. ಅದೇ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋದ ಡಾ. ಹರ್ಬರ್ಟ್ ಗನ್ ಸಿಯೆರಾ ತಪ್ಪಲಿನ ಚಿನ್ನದ ಗಣಿಗಳಲ್ಲಿ ಪರೀಕ್ಷೆ ನಡೆಸಿದಾಗ ಯುರೋಪಿನ ಗಣಿಗಾರರಲ್ಲೂ ಅದೇ ಹುಳು ಸಿಕ್ಕಿತು. ಗಣಿಯಲ್ಲಿ ಬೇಕಾದ ಬಿಸಿ, ತೇವ, ಕತ್ತಲು ಎಲ್ಲ ಇತ್ತು. ಕಕ್ಕಸು ಮಾತ್ರ ಇರಲಿಲ್ಲ. ಗಣಿಗಾರರಿಗೆ ಹೇಳಿದ್ದು ಶೌಚದ ವ್ಯವಸ್ಥೆ ಮಾಡಿ, ಔಷಧಿ ತಗೊಳ್ಳಿ ಎಂದು. ದೇಶ ಬಿಡಿ ಎಂದಲ್ಲ.

ಈ ಎಲ್ಲದರ ನಡುವೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಾಲದ ಔಷಧಿ. ಅದರ ಹೆಸರು ಥೈಮಾಲ್. ಇಟಲಿಯ ಕಮಿಲ್ಲೊ ಬೊಝೊಲೊ 1880ರ ಸುಮಾರಿಗೆ ಈ ಹುಳುವಿಗೆ ಅದನ್ನು ಬಳಸಲು ಶುರುಮಾಡಿದ. ರಾಕ್‌ಫೆಲ್ಲರ್ ಡೇರೆಗಳಲ್ಲಿ ಮಕ್ಕಳಿಗೆ ಕೊಟ್ಟದ್ದೂ ಅದೇ, ಏಂಜೆಲ್ ಐಲ್ಯಾಂಡಿನ ಆಸ್ಪತ್ರೆಯಲ್ಲಿ ಕೊಟ್ಟದ್ದೂ ಅದೇ. ಥೈಮಾಲ್ ಎಲ್ಲಿಂದ ಬರುತ್ತಿತ್ತು ಗೊತ್ತೇ? ಮುಖ್ಯವಾಗಿ ನಮ್ಮ ಓಮಕಾಳಿನಿಂದ. ಭಾರತದಲ್ಲಿ ಬೆಳೆದ ಓಮ ಜರ್ಮನಿಗೆ ಹಡಗಿನಲ್ಲಿ ಹೋಗಿ, ಅಲ್ಲಿನ ಕಾರ್ಖಾನೆಗಳಲ್ಲಿ ಹರಳಾಗಿ, ಜಗತ್ತಿಗೆಲ್ಲ ಮಾರಾಟವಾಗುತ್ತಿತ್ತು. ಮೊದಲ ಮಹಾಯುದ್ಧ ಶುರುವಾಗಿ ಓಮ ಜರ್ಮನಿಗೆ ಹೋಗುವುದು ನಿಂತಾಗ ಥೈಮಾಲ್‌ಗೆ ಬರ ಬಂತು. ಮಗುವಿಗೆ ಹೊಟ್ಟೆನೋವು ಅಂದರೆ ಓಮದ ಕಷಾಯ ಕುದಿಸುವ ನಾಡಿನ ಜನರನ್ನು, ಅದೇ ಓಮದಿಂದ ಮಾಡಿದ ಔಷಧಿ ಬೀರುವಿನಲ್ಲಿ ಇಟ್ಟುಕೊಂಡು, ವಾಪಸ್ಸು ಕಳಿಸಿದರು.

ಹಾಗೆಂದು ಈಗ ಯಾರೂ ಓಮದ ಡಬ್ಬಿ ತೆಗೆಯಬೇಡಿ. ನಮ್ಮ ಕಷಾಯದಲ್ಲಿ ಇರುವುದು ಎಲ್ಲೋ ಒಂದಿಷ್ಟು. ಅವರು ಕೊಡುತ್ತಿದ್ದದ್ದು ಗ್ರಾಂಗಟ್ಟಲೆ, ಹಿಂದೆ ಮುಂದೆ ಭೇದಿಯ ಉಪ್ಪು ಕೊಟ್ಟು. ಎಣ್ಣೆ, ಕೊಬ್ಬು, ಹೆಂಡ ಸೇರಿದರೆ ಥೈಮಾಲ್ ರಕ್ತಕ್ಕೆ ಇಳಿದು ವಿಷವಾಗುತ್ತಿತ್ತು. ನಮ್ಮ ಮನೆಗಳಲ್ಲಿ ಮಕ್ಕಳ ಮೂಗು ಹಿಡಿದು ಕುಡಿಸುತ್ತಿದ್ದ ಹರಳೆಣ್ಣೆಯನ್ನು ಇದರ ಜೊತೆ ಕೊಟ್ಟಿದ್ದರೆ ಜೀವಕ್ಕೇ ಅಪಾಯ.

ಹಾಗಾದರೆ ಇಷ್ಟು ಸುಲಭದ ಔಷಧಿ ಇದ್ದೂ ಏಕೆ ವಾಪಸ್ಸು ಕಳಿಸಿದರು? ಚೀನೀ ವರ್ತಕರು ಕೇಳಿದ್ದೂ ಇದೇ ಪ್ರಶ್ನೆ. ಅವರಿಗೆ ಸಂಘಗಳಿದ್ದವು, ವಕೀಲರಿದ್ದರು, ರಾಯಭಾರ ಕಚೇರಿ ಇತ್ತು. ದೂರುಗಳು ವಾಷಿಂಗ್ಟನ್ ತಲುಪಿದ ಮೇಲೆ ಮೊದಲು ವರ್ತಕರ ಕುಟುಂಬದಂಥವರಿಗೆ, ಆಮೇಲೆ ಇನ್ನಷ್ಟು ಜನರಿಗೆ, ಆಸ್ಪತ್ರೆಯ ಖರ್ಚು ತಾವೇ ಕೊಟ್ಟು ವಾಸಿಮಾಡಿಕೊಂಡು ಇಳಿಯಲು ಅವಕಾಶ ಸಿಕ್ಕಿತು. ಜಪಾನ್ ಸರ್ಕಾರ ತನ್ನ ಬಂದರುಗಳಲ್ಲೇ ಪರೀಕ್ಷೆ ಮಾಡಿಸಿ ಕಳಿಸತೊಡಗಿತು. ಭಾರತೀಯರ ಬೆನ್ನಿಗೆ ಯಾವ ಸರ್ಕಾರ ನಿಲ್ಲಬೇಕು? ಇದ್ದದ್ದು ಬ್ರಿಟಿಷರದು. ನಮ್ಮವರಿಗೆ ಹುಳು ಸಿಗದಿದ್ದರೆ 'ಸರ್ಕಾರಕ್ಕೆ ಹೊರೆಯಾಗುವ ಸಂಭವ' ಎಂಬ ಇನ್ನೊಂದು ಕಾರಣ ಸಿದ್ಧವಾಗಿತ್ತು. 1917ರಲ್ಲಿ ಭಾರತವನ್ನೂ ಸೇರಿಸಿ ಏಷ್ಯಾದ ಬಹುಭಾಗಕ್ಕೆ ಬೇಲಿ ಹಾಕುವ ಕಾನೂನೇ ಬಂದ ಮೇಲೆ ನಮ್ಮ ಕೂಲಿಯವರ ಹೊಟ್ಟೆ ಹುಡುಕುವ ಅಗತ್ಯವೂ ಉಳಿಯಲಿಲ್ಲ.

ಅತ್ತ ರಾಕ್‌ಫೆಲ್ಲರ್ ಹಣ 1913ರಿಂದ ಹೊರದೇಶಗಳಿಗೂ ಹರಿಯಿತು, 1920ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಕೊಕ್ಕೆಹುಳು ನಿವಾರಣೆಯ ಕೆಲಸಕ್ಕೆ ಬಂತು. ಆಗ ಮಂಗಳೂರು, ಉಡುಪಿ, ಕಾಸರಗೋಡು ಸೇರಿದ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದ್ದೇ. ಅಡಿಕೆ ತೋಟದ ನೆರಳು, ಆರು ತಿಂಗಳ ತೇವ, ಬರಿಗಾಲು, ಬೆಳಿಗ್ಗೆ ಚೊಂಬು ಹಿಡಿದು ಗುಡ್ಡೆಯ ಕಡೆ ಹೋಗುವ ರೂಢಿ: ಕೊಕ್ಕೆಹುಳು ತಾನೇ ಕೂತು ನಕ್ಷೆ ಬರೆದಿದ್ದರೂ ಇದಕ್ಕಿಂತ ಒಳ್ಳೆಯ ಊರು ಬರೆಯುತ್ತಿರಲಿಲ್ಲ. ಮೈಸೂರು ಸಂಸ್ಥಾನಕ್ಕೂ ಅದೇ ಪ್ರತಿಷ್ಠಾನದ ಡಾ. ಡಬ್ಲ್ಯೂ. ಸಿ. ಸ್ವೀಟ್ ಬಂದರು, ಅವರ ಹೆಸರು ಉಳಿದಿರುವುದು ಮಲೇರಿಯಾ ಸೊಳ್ಳೆಯ ಅಧ್ಯಯನದಲ್ಲಿ.

ಮಾತ್ರೆ ನುಂಗಿಸಿದರೆ ಹುಳು ಬೀಳುತ್ತದೆ, ಆದರೆ ಮಗು ಮರುದಿನ ಅದೇ ಮಣ್ಣು ತುಳಿಯುತ್ತದೆ. ಇದನ್ನು ರಾಕ್‌ಫೆಲ್ಲರ್‌ನವರು ಅಮೆರಿಕದಲ್ಲೇ ಕಲಿತಿದ್ದರು. ಔಷಧಿಗೆ ಸಾಲು ನಿಂತ ಜನ ಕಕ್ಕಸು ಕಟ್ಟಿಸಿ ಎಂದರೆ ನಿಧಾನವಾಗಿ ಮನೆಗೆ ಹೋಗುತ್ತಿದ್ದರು. ದಕ್ಷಿಣ ರಾಜ್ಯಗಳಿಂದ ಹುಳು ಕಾಲು ತೆಗೆದದ್ದು ನಂತರದ ಕೆಲವು ದಶಕಗಳಲ್ಲಿ, ಚಪ್ಪಲಿ, ಕಕ್ಕಸು, ಕೈಗೆ ನಾಲ್ಕು ಕಾಸು ಬಂದ ಮೇಲೆ.

ಹಾಗಾದರೆ ಶಾಲೆಗಳಲ್ಲಿ ಮಾತ್ರೆ ಹಂಚುವುದು ದಂಡವೇ? ಈ ಜಗಳ ನಡೆದದ್ದೂ ನಮ್ಮ ಬೇ ಏರಿಯಾದ ಅಂಗಳದಲ್ಲೇ. ಬರ್ಕ್ಲಿ ವಿಶ್ವವಿದ್ಯಾಲಯದ ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೆಮರ್ ಕೀನ್ಯಾದ ಬುಸಿಯಾ ಜಿಲ್ಲೆಯ 75 ಶಾಲೆಗಳಲ್ಲಿ 1998ರಿಂದ ಮಾತ್ರೆ ಹಂಚಿಸಿ ನೋಡಿದರು. ಶಾಲೆ ತಪ್ಪಿಸುವುದು ಕಾಲುಭಾಗ ಕಡಿಮೆಯಾಯಿತು ಎಂದು 2004ರಲ್ಲಿ ಪ್ರಕಟಿಸಿದರು. ಮಾತ್ರೆ ನುಂಗದ ನೆರೆಯ ಮಕ್ಕಳಿಗೂ ಲಾಭವಾಯಿತು, ಏಕೆಂದರೆ ಮಣ್ಣಿಗೆ ಬೀಳುವ ಮೊಟ್ಟೆ ಕಡಿಮೆಯಾಯಿತು. 2015ರಲ್ಲಿ ಬೇರೆ ವಿದ್ವಾಂಸರು ಲೆಕ್ಕವನ್ನು ಮತ್ತೆ ಮಾಡಿ ಆಕ್ಷೇಪ ಎತ್ತಿದರು. ಎಲ್ಲ ಅಧ್ಯಯನ ಸೇರಿಸಿ ನೋಡಿದರೆ ಸರಾಸರಿ ಲಾಭ ಅಷ್ಟಿಲ್ಲ ಎನ್ನುವವರು ಇಂದಿಗೂ ಇದ್ದಾರೆ. ಇಪ್ಪತ್ತು ವರ್ಷದ ಮೇಲೆ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ ಗಂಟೆಯ ಸಂಪಾದನೆ ನೂರಕ್ಕೆ 13ರಷ್ಟು ಹೆಚ್ಚಿತ್ತು ಎಂಬುದು ಮಿಗೆಲ್ ಕಡೆಯವರ ಉತ್ತರ. ನಾನು ಅರ್ಥಶಾಸ್ತ್ರ ಓದಿದವಳಲ್ಲ. ನನಗೆ ಕಾಣುವುದು ಇಷ್ಟು: ಹುಳು ತುಂಬಿದ ಊರಿನ ಮಗುವಿನ ಲಾಭವನ್ನು ಹುಳುವೇ ಇಲ್ಲದ ಊರಿನ ಮಗುವಿನ ಜೊತೆ ಸೇರಿಸಿ ಸರಾಸರಿ ತೆಗೆದರೆ ತೆಳ್ಳಗಾಗದೆ ಇನ್ನೇನಾಗುತ್ತದೆ?

ಭಾರತದಲ್ಲಿ 2015ರಿಂದ ಫೆಬ್ರುವರಿ 10 ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. ಒಂದರಿಂದ ಹತ್ತೊಂಬತ್ತು ವರ್ಷದವರಿಗೆ ಶಾಲೆಯಲ್ಲಿ, ಅಂಗನವಾಡಿಯಲ್ಲಿ ಆಲ್ಬೆಂಡಜೋಲ್ 400 ಮಿಲಿಗ್ರಾಂನ ಒಂದು ಮಾತ್ರೆ. ಎರಡು ವರ್ಷದೊಳಗಿನವರಿಗೆ ಅರ್ಧ. ಕಬ್ಬಿಣದ ಮಾತ್ರೆ ಬೇರೆ: ಚಿಕ್ಕ ತರಗತಿಗೆ ಗುಲಾಬಿ ಬಣ್ಣದ್ದು, ದೊಡ್ಡವರಿಗೆ ನೀಲಿ. 2016-18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಐದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ 24, ಹದಿಹರೆಯದವರಲ್ಲಿ 28 ಮಂದಿಗೆ ರಕ್ತಹೀನತೆ ಇತ್ತು. ಎಲ್ಲದಕ್ಕೂ ಹುಳುವೇ ಕಾರಣವಲ್ಲ. ತಟ್ಟೆಯೂ ಕಾರಣ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ಎದ್ದ ಗಲಾಟೆ ಇಲ್ಲಿನ ನಮ್ಮ ಕೂಟಗಳಲ್ಲೂ ನಡೆಯಿತು. ನಮ್ಮ ಅಡುಗೆಮನೆಗೆ ಮೊಟ್ಟೆ ಬರುವುದಿಲ್ಲ. ಆದರೆ ನನ್ನ ಮಕ್ಕಳಿಗೆ ಬಾದಾಮಿ, ಖರ್ಜೂರ, ಪಾಲಕ್, ಜೀವಸತ್ವ ಸೇರಿಸಿದ ಹಾಲು ಎಲ್ಲ ಕೊಟ್ಟು, ಯಾದಗಿರಿಯ ಮಗುವಿನ ತಟ್ಟೆಯ ಮೊಟ್ಟೆ ತೆಗೆಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ.

ನಮ್ಮಲ್ಲಿ ಅನೇಕರು ಓದಿದ ಊರಿನ ಶಾಲೆಗೆ ಹಣ ಕಳಿಸುತ್ತೇವೆ. ಹೆಚ್ಚಾಗಿ ಕಂಪ್ಯೂಟರಿಗೆ, ಗೇಟಿಗೆ, ಹೆಸರು ಕೆತ್ತಿಸಿದ ವೇದಿಕೆಗೆ. ಮುಂದಿನ ಸಲ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿದಾಗ ಶೌಚಾಲಯದ ಬಾಗಿಲಿಗೆ ಬೀಗ ಹಾಕಿದೆಯೇ, ಒಳಗೆ ನಲ್ಲಿಯಲ್ಲಿ ನೀರು ಬರುತ್ತದೆಯೇ, ಅದನ್ನು ತೊಳೆಯುವವರಿಗೆ ಸಂಬಳ ಯಾರು ಕೊಡುತ್ತಾರೆ ಎಂದು ಕೇಳಿ. ಫೆಬ್ರುವರಿಯಲ್ಲಿ ಮಾತ್ರೆ ಬಂತೇ ಎಂದೂ ಕೇಳಿ. ಅದನ್ನು ಗುಟುಕು ನೀರಿನಲ್ಲಿ ನುಂಗಿಸಬಾರದು, ಟೀಚರ ಕಣ್ಣೆದುರೇ ಮಗು ಅಗಿದು ತಿನ್ನಬೇಕು. ಆ ದಿನ ಜ್ವರ ಬಂದು ಮನೆಯಲ್ಲಿ ಉಳಿದ ಮಕ್ಕಳಿಗಾಗಿ ಕೆಲವು ದಿನ ಬಿಟ್ಟು ಇನ್ನೊಂದು ಸುತ್ತು ಇರುತ್ತದೆ.